ಗಾಲ್ಫಲ್ಲಿ ಗ್ರೀನಿಗೆ ಹೊಡೆಯೋವಾಗ ದೂರ ಹಿಡಿಯೋದು ಹೇಗೆ: ಮೂರು ದಾರಿ, ನಮ್ಮ ಕರಾವಳಿ ಲೆಕ್ಕದಲ್ಲಿ

ಕಾರವಾರ, ಅಂಕೋಲಾ, ಶಿರಸಿ ಕಡೆ ಇದ್ಕೊಂಡು ಗಾಲ್ಫ್ ಆಡೋರಿಗೆ ದೊಡ್ಡ ಕೊರತೆ ಅಂದ್ರೆ ಬಾಲ್ ಹೊಡೆಯೋಕೆ ಜಾಗ. ಬೆಂಗಳೂರಲ್ಲಾದ್ರೆ 1876ರಿಂದ ನಡೀತಿರೋ ಬೆಂಗಳೂರು ಗಾಲ್ಫ್ ಕ್ಲಬ್ ಇದೆ, ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಶನ್) ಇದೆ, ಆಫೀಸ್ ಮುಗ್ಸಿ ರೇಂಜಿಗೆ ಹೋಗಿ ಒಂದು ಬಕೆಟ್ ಬಾಲ್ ಹೊಡ್ದು ಮನೆಗೆ ಬರ್ಬಹುದು. ಕಾರವಾರದವ್ರ ಕೈಗೆ ಸಿಗೋದು ಅಂದ್ರೆ ಮಾಜಾಳಿ ಚೆಕ್‌ಪೋಸ್ಟ್ ದಾಟಿ ಗೋವಾದ ಕಾಣಕೋಣ, ಅಲ್ಲಿ ರಾಜಬಾಗ್ ಸಮುದ್ರದ ಬದಿಗಿರೋ ರೆಸಾರ್ಟಿನ 9 ಹೋಲಿನ ಕೋರ್ಸು, ಅದೂ ರಜೆ ಇದ್ದಾಗ. ಉಳಿದ ದಿನ ಗದ್ದೆ, ಅಂಗಳ, ಮನೆ ಹಿಂದಿನ ಬೆಟ್ಟ. ದಿನಾ ರೇಂಜಿಗೆ ಹೋಗೋರಿಗೆ ಅಂತ ಯೂಟ್ಯೂಬಲ್ಲಿ ಹೇಳೋ ಉಪಾಯಗಳು ನಮ್ಗೆ ಹಾಗೇ ಹೊಂದೋದಿಲ್ಲ, ಯಾಕಂದ್ರೆ ನಮ್ಮತ್ರ ಇರೋ ಟೈಮಲ್ಲಿ ಮೂರೂ ವಿಧಾನ ಒಟ್ಟಿಗೆ ಕಲಿಯೋಕೆ ಹೋದ್ರೆ ಒಂದೂ ಕೈಗೆ ಕೂರೋದಿಲ್ಲ.

ಸಮಸ್ಯೆ ಎಲ್ಲರದ್ದೂ ಒಂದೇ. ಫೇರ್‌ವೇಯಿಂದ (ಮಧ್ಯದ ಕತ್ತರಿಸಿದ ಹುಲ್ಲಿನ ದಾರಿ) ಗ್ರೀನಿಗೆ (ಬಾವುಟ ನೆಟ್ಟಿರೋ ನುಣ್ಣನೆ ಹುಲ್ಲಿನ ಜಾಗ) ಅಪ್ರೋಚ್, ಅಂದ್ರೆ ಗ್ರೀನ್ ಸೇರಿಸೋ ಹೊಡೆತ, ಹೊಡೀತೀರಿ, ದಿಕ್ಕು ಸರಿಯಾಗೇ ಇರ್ತದೆ, ಆದ್ರೆ ಒಂದ್ಸಲ ಹತ್ತು ಮೀಟರ್ ಗಿಡ್ಡ, ಮುಂದಿನ ಸಲ ಗ್ರೀನ್ ದಾಟಿ ಹಿಂದಿನ ಪೊದೆ ಒಳಗೆ. ಇದಕ್ಕೆ ಮುಖ್ಯವಾಗಿ ಮೂರು ದಾರಿ ಇದಾವೆ: ಸ್ವಿಂಗ್ ಒಂದೇ ಇಟ್ಕೊಂಡು ಕ್ಲಬ್ ಬದಲಿಸೋದು, ಕ್ಲಬ್ ಒಂದೇ ಇಟ್ಕೊಂಡು ಸ್ವಿಂಗಿನ ಉದ್ದ ಬದಲಿಸೋದು (ಗಡಿಯಾರದ ಲೆಕ್ಕ ಅಂತಾರಲ್ಲ, ಅದು), ಮತ್ತೆ ಎಲ್ಲಾನೂ ಕೈ ಅಂದಾಜಿಗೆ ಬಿಡೋದು.

ಯಾವ ದಾರಿ ಹಿಡಿದ್ರೂ ಅಳೀಬೇಕಾದ್ದು ಕ್ಯಾರಿ, ಅಂದ್ರೆ ಬಾಲ್ ಗಾಳಿಯಲ್ಲಿ ಹಾರಿ ಮೊದಲ ಸಲ ನೆಲ ಮುಟ್ಟೋ ತನಕದ ದೂರ. ಉರುಳಿದ್ದು ಸೇರಿಸ್ಬೇಡಿ. ಮೇ ತಿಂಗಳಲ್ಲಿ ನಮ್ಮ ಕಡೆ ನೆಲ ಚಿರೇಕಲ್ಲಿನ ಹಾಗೆ ಗಟ್ಟಿಯಾಗಿ ಬಾಲ್ ಹದಿನೈದು ಮೀಟರ್ ಓಡ್ತದೆ, ಜುಲೈನಲ್ಲಿ ಬಿದ್ದಲ್ಲೇ ಹೂತು ಕೂರ್ತದೆ, ಎರಡನ್ನೂ ಸೇರಿಸಿ ಸರಾಸರಿ ಮಾಡಿದ ಲೆಕ್ಕ ಯಾವ ತಿಂಗಳಿಗೂ ಉಪಯೋಗ ಇಲ್ಲ. ಇನ್ನೊಂದು, ನಿಮ್ಮ 8 ಐರನ್ (ಐರನ್ ಅಂದ್ರೆ ಲೋಹದ ತಲೆಯ ಕ್ಲಬ್, ನಂಬರ್ ಜಾಸ್ತಿ ಆದಷ್ಟೂ ಬಾಲ್ ಗಿಡ್ಡ ಹೋಗ್ತದೆ) ಎಷ್ಟು ಹೋಗ್ತದೆ ಅಂತ ಕೇಳಿದ್ರೆ ಜನ ಹೇಳೋದು ಜೀವಮಾನದಲ್ಲಿ ಒಂದ್ಸಲ ಹೋಗಿದ್ದ ದೂರ. ಹವ್ಯಾಸಿಗಳ ಬಾಲ್ ಹೆಚ್ಚಾಗಿ ಗಿಡ್ಡ ಬೀಳೋಕೆ ಅರ್ಧ ಕಾರಣ ಇದೇ. ಹತ್ತು ಹೊಡೆದು, ಅತಿ ಉದ್ದದ್ದೆರಡು ಅತಿ ಗಿಡ್ಡದ್ದೆರಡು ಬಿಟ್ಟು, ಮಧ್ಯದ ಆರು ಎಲ್ಲಿ ಬಿದ್ದಿದೆ ನೋಡಿ, ಅದು ನಿಮ್ಮ ದೂರ.

ಪಕ್ಕದವ್ರ 7 ಐರನ್ ಜೊತೆ ಹೋಲಿಸೋದನ್ನೂ ಬಿಡಿ. ಹಳೇ ಸೆಟ್ಟಲ್ಲಿ 7 ಐರನ್ ಲಾಫ್ಟ್ (ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರೋ ಕೋನ, ಕಮ್ಮಿ ಇದ್ದಷ್ಟೂ ಬಾಲ್ ದೂರ) 34 ಡಿಗ್ರಿ ಆಸುಪಾಸು ಇರ್ತಿತ್ತು, ಈಗ ದೂರಕ್ಕೆ ಅಂತ್ಲೇ ಮಾರೋ ಸೆಟ್ಟುಗಳಲ್ಲಿ 28-29 ಇರ್ತದೆ, ಅಂದ್ರೆ ಅದು ಹಳೇ 5-6 ಐರನ್ನೇ, ನಂಬರ್ ಮಾತ್ರ ಬೇರೆ ಒತ್ತಿದಾರೆ. ಬಾಲಿನ ಹಾರಾಟ ಅಳೆಯೋ ಟ್ರ್ಯಾಕ್‌ಮ್ಯಾನ್ ಕಂಪನಿ ಹಿಂದೆ ಕೊಟ್ಟಿದ್ದ ಟೂರ್ (ವೃತ್ತಿಪರರ) ಸರಾಸರಿಯಲ್ಲಿ ಗಂಡಸರ 7 ಐರನ್ ಕ್ಯಾರಿ 172 ಯಾರ್ಡ್, ಎಲ್‌ಪಿಜಿಎ (ಹೆಂಗಸರ ವೃತ್ತಿಪರ ಟೂರ್) ಆಡೋ ಹೆಂಗಸರದ್ದು 141. ಆ 141ರಲ್ಲೇ ಅವ್ರು ಅಂಡರ್ ಪಾರ್ (ಕೋರ್ಸಿಗೆ ನಿಗದಿಯಾದ ಹೊಡೆತಕ್ಕಿಂತ ಕಮ್ಮಿಯಲ್ಲಿ) ಆಡ್ತಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸಲ್ಲಿ ಉಳಿದವ್ರಿಗಿಂತ ಎಷ್ಟೋ ಗಿಡ್ಡ ಹೊಡೀತಾ, ಗ್ರೀನಿಗೆ ಉದ್ದದ ಕ್ಲಬ್ಬಲ್ಲೇ ಹೊಡೀತಾ ನಾಲ್ಕನೇ ಸ್ಥಾನಕ್ಕೆ ಬಂದ್ರು, ಪದಕಕ್ಕೆ ಒಂದೇ ಸ್ಟ್ರೋಕ್ ಕಮ್ಮಿ.

ದಾರಿ ಒಂದು: ಸ್ವಿಂಗ್ ಒಂದೇ, ಕ್ಲಬ್ ಬೇರೆ

ಪೂರ್ತಿ ಜೋರಲ್ಲ, ನೂರಕ್ಕೆ ಎಂಬತ್ತರಷ್ಟು ಜೋರಲ್ಲಿ ಒಂದೇ ಥರ ಹೊಡೆಯೋದು, ದೂರ ಬೇಕಾದ್ರೆ ಕ್ಲಬ್ ಬದಲಿಸೋದು. ಮಧ್ಯಮ ಹೊಡೆತದ ಒಬ್ಬರಿಗೆ 7 ಐರನ್ 125 ಮೀಟರ್ ಹೋಗ್ತದೆ ಅಂತ ಇಟ್ಕೊಳ್ಳಿ, 8 ಐರನ್ 115, 9 ಐರನ್ 105, ಪಿಚಿಂಗ್ ವೆಜ್ (ವೆಜ್ ಅಂದ್ರೆ ಗಿಡ್ಡ ದೂರಕ್ಕಿರೋ, ಮುಖ ಹೆಚ್ಚು ವಾಲಿದ ಕ್ಲಬ್) 95, ಹೀಗೆ ಹತ್ತತ್ತು ಮೀಟರಿನ ಮೆಟ್ಟಿಲು ಸಿಗ್ತದೆ. ನಡುವೆ ಐದು ಮೀಟರ್ ಬೇಕಾದ್ರೆ ಹಿಡಿಯನ್ನ ಒಂದಿಂಚು ಕೆಳಗೆ ಹಿಡೀರಿ, ಸ್ವಿಂಗಿಗೆ ಕೈ ಹಾಕ್ಬೇಡಿ.

ಇದರ ದೊಡ್ಡ ಲಾಭ ಅಂದ್ರೆ ಪ್ರಾಕ್ಟೀಸ್ ಕಮ್ಮಿ ಸಾಕು. ತಿಂಗಳಿಗೊಮ್ಮೆ ಕೋರ್ಸ್ ಮುಖ ನೋಡೋರಿಗೂ ಕೈ ಕೊಡೋದಿಲ್ಲ, ನಾಲ್ಕು ಜನ ನೋಡ್ತಾ ನಿಂತಿದ್ರೂ ಸ್ವಿಂಗ್ ಅದೇ ಇರೋದ್ರಿಂದ ಎದೆ ಢವಢವ ಅಂದ್ರೂ ಬಾಲ್ ಹೋಗಿ ಬೀಳ್ತದೆ. ತೊಂದ್ರೆ ಎಲ್ಲಿ ಅಂದ್ರೆ ನಿಮ್ಮ ಅತಿ ಗಿಡ್ಡ ಕ್ಲಬ್ಬಿನ ಪೂರ್ತಿ ದೂರದ ಒಳಗೆ ಬಂದಾಗ. ಸ್ಯಾಂಡ್ ವೆಜ್ 70 ಮೀಟರ್ ಹೋಗ್ತದೆ, ನೀವು ನಿಂತಿರೋದು 50ರಲ್ಲಿ, ಈಗ ಬದಲಿಸೋಕೆ ಕ್ಲಬ್ಬೇ ಇಲ್ಲ. ಅಲ್ಲಿ ಜನ ಮಾಡೋ ಕೆಲಸ ಏನು ಅಂದ್ರೆ ಪೂರ್ತಿ ಹಿಂದೆ ಎತ್ತಿ, ಅಯ್ಯೋ ಜಾಸ್ತಿ ಆಯ್ತು ಅಂತ ಕೆಳಗೆ ಬರೋವಾಗ ಬ್ರೇಕ್ ಹಾಕೋದು. ಬ್ರೇಕ್ ಬಿದ್ದ ತಕ್ಷಣ ಕ್ಲಬ್ ಒಂದೋ ಹಿಂದೆ ಮಣ್ಣಿಗೆ ಹೊಡೀತದೆ, ಒಂದೋ ಬಾಲಿನ ಹೊಟ್ಟೆಗೆ ಹೊಡ್ದು ಗ್ರೀನ್ ಆಚೆಗೆ ಕಳಿಸ್ತದೆ.

ದಾರಿ ಎರಡು: ಗಡಿಯಾರ

ನಾಸಾದಲ್ಲಿ ಕೆಲಸ ಮಾಡಿ ಆಮೇಲೆ ಗಾಲ್ಫ್ ಕೋಚಿಂಗಿಗೆ ಬಂದ ಡೇವ್ ಪೆಲ್ಜ್ ಅನ್ನೋ ಅಮೆರಿಕದವರು ಇದನ್ನ ಜನಪ್ರಿಯ ಮಾಡಿದ್ದು. ನಿಮ್ಮನ್ನ ಎದುರಿಂದ ನೋಡೋರಿಗೆ ನೀವೇ ಗಡಿಯಾರದ ಮುಖ ಅಂತ ಇಟ್ಕೊಂಡ್ರೆ, ಬಲಗೈಯವ್ರ ಎಡತೋಳು ಹಿಂದೆ ಹೋಗೋವಾಗ ಎಲ್ಲಿ ನಿಲ್ತದೆ ಅನ್ನೋದೇ ಮುಳ್ಳು. ಏಳೂವರೆ, ಒಂಬತ್ತು, ಹತ್ತೂವರೆ ಅಂತ ಮೂರು ಜಾಗ. ಒಂಬತ್ತು ಗಂಟೆ ಅಂದ್ರೆ ತೋಳು ನೆಲಕ್ಕೆ ಸಮ. ನಾಲ್ಕು ವೆಜ್ ಇಟ್ಕೊಂಡ್ರೆ ಮೂರ್ನಾಲ್ಕು ಹನ್ನೆರಡು ದೂರ ಸಿಗ್ತದೆ ಅನ್ನೋದು ಅವರ ಲೆಕ್ಕ.

ಹನ್ನೆರಡು ನಮಗೆ ಬೇಡವೇ ಬೇಡ. ಹನ್ನೆರಡು ದೂರ ನೆನಪಿಟ್ಕೊಂಡು ಅದನ್ನ ಕೈಗೆ ಕೂರಿಸೋದು ವಾರಕ್ಕೆ ನಾಲ್ಕು ದಿನ ಹೊಡೆಯೋರ ಕೆಲಸ. ಎರಡು ವೆಜ್, ಎರಡು ಜಾಗ, ಒಟ್ಟು ನಾಲ್ಕು ದೂರ ಸಾಕು. ಉದಾಹರಣೆಗೆ 56 ಡಿಗ್ರಿ ವೆಜ್ಜಲ್ಲಿ ಒಂಬತ್ತು ಗಂಟೆ 50 ಮೀಟರ್, ಹತ್ತೂವರೆ 63. 50 ಡಿಗ್ರಿಯಲ್ಲಿ ಒಂಬತ್ತು ಗಂಟೆ 58, ಹತ್ತೂವರೆ 75. ನಿಮ್ಮ ಅಂಕಿ ಬೇರೆ ಬರ್ತದೆ, ಬಂದದ್ದನ್ನ ಸಣ್ಣ ಚೀಟಿಯಲ್ಲಿ ಬರ್ದು ಬ್ಯಾಗಲ್ಲಿ ಇಡಿ. ಐವತ್ತರಿಂದ ಎಪ್ಪತ್ತೈದರ ನಡುವೆ ಎಲ್ಲೇ ನಿಂತ್ರೂ ನಿಮ್ಮ ಹತ್ರದ ಅಂಕಿಗೂ ಬೇಕಾದ ದೂರಕ್ಕೂ ಆರು ಮೀಟರಿಗಿಂತ ಜಾಸ್ತಿ ವ್ಯತ್ಯಾಸ ಇರೋದಿಲ್ಲ, ಅಷ್ಟು ತಪ್ಪಿದ್ರೂ ಬಾಲ್ ಗ್ರೀನ್ ಮೇಲೆಯೇ.

ಇದ್ರಲ್ಲಿ ಮೋಸ ಹೋಗೋ ಜಾಗ ಒಂದಿದೆ. ಒಂಬತ್ತು ಗಂಟೆಗೆ ನಿಲ್ಸಿದ್ದೀನಿ ಅಂತ ಅನ್ಸ್ತದೆ, ಮೊಬೈಲಲ್ಲಿ ರೆಕಾರ್ಡ್ ಮಾಡಿ ನೋಡಿದ್ರೆ ಹತ್ತೂವರೆ ದಾಟಿರ್ತದೆ. ತೋಳು ನಿಂತ್ರೂ ಮಣಿಕಟ್ಟು ಮಡಚಿ ಕ್ಲಬ್ ಮೇಲಕ್ಕೆ ಹೋಗ್ತದೆ, ಅದು ಸಹಜ, ಲೆಕ್ಕ ತೋಳಿಂದು ಮಾತ್ರ. ಮನೆಯಲ್ಲಿ ಯಾರಾದ್ರೂ ಎದುರಿಗೆ ನಿಂತು ಫೋನ್ ಹಿಡಿದ್ರೆ ಹತ್ತು ನಿಮಿಷದಲ್ಲಿ ಗೊತ್ತಾಗ್ತದೆ. ಹಿಂದೆ ಎಷ್ಟು ಹೋಯ್ತೋ ಮುಂದೆಯೂ ಅಷ್ಟೇ ಬಂದು ನಿಲ್ಬೇಕು, ಲಯ ಒಂದೇ ಇರ್ಬೇಕು, ಎದೆ ತಿರುಗ್ಬೇಕು. ಬರೀ ಕೈಯಲ್ಲಿ ಹೊಡೆದ್ರೆ ಗಡಿಯಾರ ದಿನಕ್ಕೊಂದು ಟೈಮ್ ತೋರಿಸ್ತದೆ.

ದಾರಿ ಮೂರು: ಕೈ ಅಂದಾಜು

ಬೌಂಡರಿಯಿಂದ ಕೀಪರಿಗೆ ಬಾಲ್ ಎಸೆಯೋವಾಗ ಯಾರೂ ಮೀಟರ್ ಲೆಕ್ಕ ಹಾಕೋದಿಲ್ಲ, ಕಣ್ಣು ನೋಡ್ತದೆ, ಕೈ ಎಸೀತದೆ. ಹಾಗೇ ಗುರಿ ನೋಡಿ ಎರಡು ಸಲ ಖಾಲಿ ಬೀಸಿ ಹೊಡೆಯೋದು. ಚೆನ್ನಾಗಿ ಬಂದ್ರೆ ಇದಕ್ಕಿಂತ ಸುಂದರ ಬೇರೆ ಇಲ್ಲ, ಮತ್ತೆ 40 ಮೀಟರ್ ಒಳಗೆ ಇದೇ ಬೇಕು ಕೂಡ, ಯಾಕಂದ್ರೆ ಅಲ್ಲಿ ಹಾರೋದ್ರಷ್ಟೇ ಉರುಳೋದು, ಗ್ರೀನಿನ ಇಳಿಜಾರು, ಹುಲ್ಲು ಎಲ್ಲಾ ಸೇರ್ತದೆ, ಗಡಿಯಾರಕ್ಕೆ ಅದು ಗೊತ್ತಾಗೋದಿಲ್ಲ. ಆದ್ರೆ 60-70 ಮೀಟರಲ್ಲಿ ಅಂದಾಜು ನಂಬೋಕೆ ಕೈ ದಿನಾ ಬಳಕೆಯಲ್ಲಿರ್ಬೇಕು. ಮಳೆಗಾಲ ಪೂರ್ತಿ ಕ್ಲಬ್ ಮೂಲೆಗಿಟ್ಟು ಅಕ್ಟೋಬರಲ್ಲಿ ತೆಗೆಯೋರಿಗೆ ಅಂದಾಜು ಅನ್ನೋದು ಬರೀ ಆಸೆ, ಮತ್ತೇನಲ್ಲ ಮಾರಾಯ್ರೆ.

ಹಾಗಾದ್ರೆ ಯಾವ್ದು

ನಾನು ಹೇಳೋದು ಹೀಗೆ. ಆಡೋಕೆ ಶುರು ಮಾಡಿ ವರ್ಷ ಎರಡು ವರ್ಷ ಆಗಿರೋರು, ಹ್ಯಾಂಡಿಕ್ಯಾಪ್ (ನಿಗದಿಗಿಂತ ಸುಮಾರು ಎಷ್ಟು ಹೊಡೆತ ಜಾಸ್ತಿ ಬೇಕು ಅನ್ನೋ ಅಂಕಿ) 25ರ ಮೇಲಿರೋರು ಮೊದಲನೇ ದಾರಿ ಹಿಡೀರಿ, ಅದರ ಜೊತೆಗೆ ಸ್ಯಾಂಡ್ ವೆಜ್ಜಲ್ಲಿ ಒಂಬತ್ತು ಗಂಟೆಯ ಒಂದೇ ಒಂದು ಹೊಡೆತ ಕಲೀರಿ, ಅಷ್ಟೇ. ಗ್ರೀನ್ ಹತ್ರ 50-60 ಮೀಟರಲ್ಲಿ ಪದೇ ಪದೇ ಉಳೀತೀರಿ, ಡ್ರೈವ್ (ಮೊದಲ ಉದ್ದ ಹೊಡೆತ) ಚೆನ್ನಾಗಿ ಹೋಗ್ತದೆ ಅನ್ನೋರಿಗೆ ನಾಲ್ಕು ದೂರದ ಗಡಿಯಾರ ಖಂಡಿತ ಬೇಕು, ಅಲ್ಲೇ ನಿಮ್ಮ ಸ್ಟ್ರೋಕ್ ಸೋರ್ತಿರೋದು. 85 ಮೀಟರ್ ಮೇಲೆ ಎಲ್ಲರಿಗೂ ಕ್ಲಬ್ ಬದಲಿಸೋದೇ ಸರಿ, 8 ಐರನ್ನಲ್ಲಿ ಮುಕ್ಕಾಲು ಸ್ವಿಂಗ್ ಅಂತೆಲ್ಲಾ ಗಾಳಿ ಎದುರಿದ್ದಾಗ ಬಿಟ್ರೆ ಬೇಡ. ಕೈ ಅಂದಾಜೊಂದನ್ನೇ ನಂಬ್ಕೊಂಡು ಆಡ್ತೇನೆ ಅನ್ನೋರು ಕಾಣಕೋಣದಲ್ಲೇ ಮನೆ ಮಾಡಿದ್ರೆ ಒಳ್ಳೇದು.

ಅಳೆಯೋಕೆ ಏನು ಬೇಕು

ಲೇಸರ್, ಜಿಪಿಎಸ್ ವಾಚ್, ಮೊಬೈಲ್ ಆ್ಯಪ್, ಹೆಜ್ಜೆ. ಲೇಸರ್ ಕರಾರುವಾಕ್ಕು, ಆದ್ರೆ ಅದು ಹೇಳೋದು ಬಾವುಟದ ದೂರ ಮಾತ್ರ. ಗ್ರೀನ್ ಹಿಂದೆ ಸಾಲು ತೆಂಗಿನಮರ ಇದ್ರೆ, ಕೈ ಸ್ವಲ್ಪ ನಡುಗಿದ್ರೂ ಬಾವುಟ ಬಿಟ್ಟು ಮರ ಹಿಡ್ಕೊಂಡು ಇಪ್ಪತ್ತು ಮೀಟರ್ ಜಾಸ್ತಿ ತೋರಿಸ್ತದೆ, ಅದಕ್ಕೆ ಎರಡು ಸಲ ಒತ್ತಿ ಎರಡೂ ಒಂದೇ ಬಂದ್ರೆ ಮಾತ್ರ ನಂಬಿ. ಜೋರು ಮಳೆ, ಮಂಜಲ್ಲಿ ಅದು ತಡವರಿಸ್ತದೆ. ಜಿಪಿಎಸ್ ಗ್ರೀನಿನ ಮುಂದಿನ ಅಂಚು, ಮಧ್ಯ, ಹಿಂದಿನ ಅಂಚು ಮೂರೂ ಹೇಳ್ತದೆ, ಹವ್ಯಾಸಿಗೆ ನಿಜವಾಗಿ ಬೇಕಾಗೋದು ಇದೇ, ಯಾಕಂದ್ರೆ ಗ್ರೀನ್ ಉದ್ದ ಸುಮಾರು ಇಪ್ಪತ್ತೈದು ಮೂವತ್ತು ಮೀಟರ್ ಇರ್ತದೆ, ಬಾವುಟ ಹಿಂದಿದ್ಯಾ ಮುಂದಿದ್ಯಾ ಅನ್ನೋದ್ರ ಮೇಲೆ ಎರಡು ಕ್ಲಬ್ ವ್ಯತ್ಯಾಸ ಆಗ್ತದೆ. ನನ್ನ ಕೇಳಿದ್ರೆ ಒಂದೇ ತಗೊಳ್ಳೋದಾದ್ರೆ ವಾಚು. ಗದ್ದೆಯಲ್ಲಿ ಪ್ರಾಕ್ಟೀಸ್ ಅಳೆಯೋಕೂ ಬೇಕು ಅನ್ನೋರು ಲೇಸರ್ ತಗೊಳ್ಳಿ, ವಾಚಿಗೆ ನಿಮ್ಮ ಗದ್ದೆಯ ಮ್ಯಾಪ್ ಗೊತ್ತಿರೋದಿಲ್ಲ. ಆ್ಯಪ್ ಫ್ರೀ ಸಿಗ್ತದೆ, ಪರವಾಗಿಲ್ಲ, ಬಿಸಿಲಲ್ಲಿ ಸ್ಕ್ರೀನ್ ಕಾಣೋದಿಲ್ಲ ಅಷ್ಟೇ.

2019ರಿಂದ ನಿಯಮದಲ್ಲಿ ದೂರ ಅಳೆಯೋ ಸಾಧನಕ್ಕೆ ಅವಕಾಶ ಇದೆ, ಆ ಕೋರ್ಸಿನವ್ರು ಬೇಡ ಅಂತ ಲೋಕಲ್ ರೂಲ್ ಹಾಕಿರ್ಬಾರ್ದು ಅಷ್ಟೇ. ಆದ್ರೆ ಏರು ತಗ್ಗು ಲೆಕ್ಕ ಹಾಕಿ ಹೇಳೋ ಸ್ಲೋಪ್ ಮೋಡ್ ಸ್ಪರ್ಧೆಯಲ್ಲಿ ಬಳಸೋ ಹಾಗಿಲ್ಲ, ಲೇಸರ್ ತಗೊಳ್ಳೋವಾಗ ಅದನ್ನ ಆಫ್ ಮಾಡೋ ಸ್ವಿಚ್ ಇದ್ಯಾ ನೋಡಿ. ಮತ್ತೆ ಯಾರ್ಡಾ ಮೀಟರಾ ಅಂತ ಸೆಟ್ಟಿಂಗ್ ನೋಡ್ಕೊಳ್ಳಿ, 140 ಯಾರ್ಡ್ ಅಂದ್ರೆ 128 ಮೀಟರ್, ಇದೊಂದು ತಪ್ಪಿದ್ರೆ ಒಂದು ಕ್ಲಬ್ ಪೂರ್ತಿ ಎಡವಟ್ಟು.

ಎಲ್ಲಿ ಪ್ರಾಕ್ಟೀಸ್ ಮಾಡೋದು

ಶಿರಸಿ, ಸಿದ್ದಾಪುರ ಕಡೆಯವ್ರಿಗೆ ಅಡಿಕೆ ಒಣಗಿಸೋ ಅಂಗಳದಲ್ಲಿ ನೆಟ್ ಕಟ್ಟೋದು ಸುಲಭ, ಕರಾವಳಿಯವ್ರಿಗೆ ಹಳೇ ಮೀನಿನ ಬಲೆ ಸಿಗ್ತದೆ, ಕಣ್ಣು ಸಣ್ಣದಿರೋದು ನೋಡಿ ಎರಡು ಮಡಿಕೆ ಮಾಡಿ, ಗಾಲ್ಫ್ ಬಾಲ್ ಅಗಲ 43 ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ, ಅದರ ಅರ್ಧದಷ್ಟು ಕಣ್ಣಿದ್ರೆ ನಿಶ್ಚಿಂತೆ. ನೆಟ್ಟಲ್ಲಿ ದೂರ ಕಲಿಯೋಕಾಗೋದಿಲ್ಲ, ಆದ್ರೆ ಬಾಲ್ ಕ್ಲಬ್ಬಿನ ಮಧ್ಯಕ್ಕೆ ತಾಗ್ತಿದ್ಯಾ ಅನ್ನೋದು ಕಲೀಬಹುದು. ಕ್ಲಬ್ಬಿನ ಮುಖದ ಮೇಲೆ ಚೂರು ಟಾಲ್ಕಂ ಪೌಡರ್ ಹಚ್ಚಿ ಹೊಡೀರಿ, ಬಾಲ್ ತಾಗಿದ ಕಡೆ ಗುಂಡಗೆ ಗುರುತು ಬೀಳ್ತದೆ. ಗುರುತು ಒಂದ್ಸಲ ತುದಿಗೆ ಒಂದ್ಸಲ ಹಿಮ್ಮಡಿಗೆ ಹೋಗ್ತಿದ್ರೆ ಮೇಲೆ ಹೇಳಿದ ಮೂರೂ ದಾರಿ ವೇಸ್ಟು, ಯಾಕಂದ್ರೆ ಅದೇ ಸ್ವಿಂಗಲ್ಲಿ ಬಾಲ್ ಹತ್ತು ಮೀಟರ್ ಕಮ್ಮಿ ಹೋಗ್ತದೆ, ನೀವು ಕ್ಲಬ್ ತಪ್ಪು ಅಂದ್ಕೊಳ್ತೀರಿ.

ದೂರ ಕಲಿಯೋಕೆ ಭತ್ತ ಕೊಯ್ದ ಗದ್ದೆಗಿಂತ ಒಳ್ಳೇ ಜಾಗ ಇಲ್ಲ. ಕೊಯ್ಲಾದ ಹೊಸತರಲ್ಲಿ ಮಣ್ಣು ಇನ್ನೂ ಹಸಿ ಇರ್ತದೆ, ಬಾಲ್ ಬಿದ್ದಲ್ಲಿ ಗುಂಡಿ ಬೀಳ್ತದೆ, ಕ್ಯಾರಿ ಅಳೆಯೋಕೆ ಬೇರೆ ಸಾಕ್ಷಿ ಬೇಡ. ಗುಂಡಿ ನೋಡಿದ್ರೆ ಹೊಡೆತವೂ ಗೊತ್ತಾಗ್ತದೆ: ಗುಂಡಗೆ, ಆಳಕ್ಕೆ, ಸುತ್ತ ಮಣ್ಣೆದ್ದು ಕೂತಿದ್ರೆ ಬಾಲ್ ಎತ್ತರದಿಂದ ನೇರ ಇಳಿದಿದೆ, ಅದು ಗ್ರೀನ್ ಮೇಲೂ ನಿಲ್ತದೆ; ಉದ್ದಕ್ಕೆ ಗೀರಿ ಮುಂದೆ ಹೋಗಿದ್ರೆ ತಗ್ಗಲ್ಲಿ ಬಂದಿದೆ, ಓಡ್ತದೆ. ಮನೆ ಕಟ್ಟೋ ಮೇಸ್ತ್ರಿ ಹತ್ರ 30 ಮೀಟರ್ ಟೇಪ್ ಇರ್ತದೆ, ಅದನ್ನ ಇಸ್ಕೊಂಡು 40, 50, 60, 70ಕ್ಕೆ ಒಂದೊಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಿ. ಎಲ್ಲಾ ಕೋಲಿಗೂ ವರಸೆಯಾಗಿ ಹೊಡೆಯೋದು ಬೇಡ, 50ಕ್ಕೊಂದು, ಆಮೇಲೆ 70ಕ್ಕೊಂದು, ಮತ್ತೆ 60, ಹೀಗೆ ಬದಲಿಸ್ತಾ ಹೋಗಿ, ಕೋರ್ಸಲ್ಲಿ ಒಂದೇ ಹೊಡೆತ ಎರಡನೇ ಸಲ ಯಾರೂ ಕೊಡೋದಿಲ್ಲ. ಗದ್ದೆ ಯಜಮಾನ್ರನ್ನ ಕೇಳದೆ ಇಳೀಬೇಡಿ, ಭತ್ತ ಆದ್ಮೇಲೆ ಎಷ್ಟೋ ಕಡೆ ಶೇಂಗಾ ಹಾಕ್ತಾರೆ, ದನ ಮೇಯೋಕೆ ಬಿಟ್ಟಿರ್ತಾರೆ. ಬಾಲ್ ದನಕ್ಕೆ ತಾಗಿದ್ರೆ ಗಾಲ್ಫೂ ಅಲ್ಲಿಗೆ ಮುಗೀತು, ಊರಲ್ಲಿ ಮರ್ಯಾದೆಯೂ ಮುಗೀತು.

ಬೀಚಲ್ಲಿ ಇಳಿತದ ಹೊತ್ತಿಗೆ ಗಟ್ಟಿ ಮರಳು ನೋಡಿ ಆಸೆ ಆಗ್ತದೆ, ಆದ್ರೆ ಜನ ಓಡಾಡೋ ಕಡೆ ಬೇಡವೇ ಬೇಡ. ಉಪ್ಪುನೀರು ತಾಗಿದ ವೆಜ್ ತೊಳೆದು ಒರೆಸದಿದ್ರೆ ತುಕ್ಕು ಹಿಡಿಯೋದಕ್ಕೂ ಹೆಚ್ಚು ದಿನ ಬೇಡ.

ಗಾಳಿ, ಮಳೆ, ಘಟ್ಟ

ಕಡಲ ಬದಿ ಗಾಳಿ ಭಾರ, ತೇವ ಜಾಸ್ತಿ, ಅದಕ್ಕೆ ಬಾಲ್ ಹೋಗೋದಿಲ್ಲ ಅಂತ ಎಲ್ಲರೂ ಹೇಳ್ತಾರೆ. ತೇವದ ಗಾಳಿ ಒಣ ಗಾಳಿಗಿಂತ ಹಗುರ, ಯಾಕಂದ್ರೆ ನೀರಾವಿಯ ಕಣ ನೈಟ್ರೋಜನ್, ಆಕ್ಸಿಜನ್ ಕಣಕ್ಕಿಂತ ಹಗುರ. ವ್ಯತ್ಯಾಸ ತೀರಾ ಸಣ್ಣದು, ಮರ್ತುಬಿಡಿ. ಇಲ್ಲಿ ಬಾಲ್ ಕಮ್ಮಿ ಹೋಗೋಕೆ ನಿಜವಾದ ಕಾರಣ ನಾವು ತಗ್ಗಲ್ಲಿರೋದು: ಬೆಂಗಳೂರು ಸಮುದ್ರ ಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲೆ, ಅಲ್ಲಿ ಗಾಳಿ ತೆಳು, ಬಾಲ್ ಸುಮಾರು ಮೂರೂವರೆ ಪರ್ಸೆಂಟ್ ಜಾಸ್ತಿ ಹಾರ್ತದೆ. ಅಲ್ಲಿ ರೇಂಜಲ್ಲಿ 130 ಮೀಟರ್ ಅಂತ ಬರ್ಕೊಂಡ ಕ್ಲಬ್ ಇಲ್ಲಿ ಕೆಳಗೆ 125-126. ರಜೆಗೆ ಊರಿಗೆ ಬರೋರು ಗಮನಿಸಿ.

ಬೀಸೋ ಗಾಳಿ ಮಾತ್ರ ದೊಡ್ಡ ವಿಷಯ. ಬೆಳಿಗ್ಗೆ ನೆಲದಿಂದ ಕಡಲಿಗೆ ಮೆಲ್ಲಗೆ, ಬಿಸಿಲೇರಿದ್ಮೇಲೆ ಕಡಲಿಂದ ನೆಲಕ್ಕೆ ಜೋರಾಗಿ, ಹಾಗಾಗಿ ಒಂದೇ ಹೋಲ್ ಬೆಳಿಗ್ಗೆ ಒಂದು ಕ್ಲಬ್ಬು, ಮಧ್ಯಾಹ್ನ ಇನ್ನೊಂದು ಕ್ಲಬ್ಬು. ಗಂಟೆಗೆ 16 ಕಿಲೋಮೀಟರ್ ಎದುರುಗಾಳಿಗೆ ಹತ್ತು ಪರ್ಸೆಂಟ್ ಸೇರಿಸಿ, ಅಷ್ಟೇ ಗಾಳಿ ಹಿಂದಿಂದ ಬಂದ್ರೆ ಐದು ಪರ್ಸೆಂಟ್ ಕಳೀರಿ. ಅಂದ್ರೆ 120 ಮೀಟರ್ ಎದುರುಗಾಳಿಯಲ್ಲಿ 132ರ ಹಾಗೆ, ಹಿಂಗಾಳಿಯಲ್ಲಿ 114ರ ಹಾಗೆ. ಎದುರುಗಾಳಿಗೆ ಜೋರಾಗಿ ಹೊಡೆಯೋದು ಉಲ್ಟಾ ಕೆಲಸ, ಜೋರು ಹೊಡೆದಷ್ಟೂ ಸ್ಪಿನ್ (ಬಾಲ್ ಹಿಮ್ಮುಖವಾಗಿ ತಿರುಗೋದು) ಜಾಸ್ತಿ, ಬಾಲ್ ಮೇಲಕ್ಕೆದ್ದು ಅಲ್ಲೇ ಉಳ್ಕೊಂಡು ಬಿದ್ದುಬಿಡ್ತದೆ. ಉದ್ದದ ಕ್ಲಬ್ ತಗೊಂಡು ಮುಕ್ಕಾಲು ಬೀಸಿ, ಮೇಲೆ ಬಿಟ್ಟಿದ್ದ ಆ ಒಂದು ಸಂದರ್ಭ ಇದೇ. ಹುಲ್ಲು ಹಾರಿಸಿ ನೋಡೋದ್ರಿಂದ ನಿಮ್ಮ ಎದೆ ಮಟ್ಟದ ಗಾಳಿ ಮಾತ್ರ ಗೊತ್ತಾಗ್ತದೆ, ಬಾಲ್ ಹೋಗೋದು ಇಪ್ಪತ್ತು ಮೀಟರ್ ಮೇಲೆ, ತೆಂಗಿನ ತುದಿ, ಗಾಳಿಮರದ ತುದಿ ಯಾವ ಕಡೆ ಬಾಗಿದೆ ನೋಡಿ.

ಮಳೆಯಲ್ಲಿ ವೆಜ್ ಒದ್ದೆಯಾದ್ರೆ ಬಾಲ್ ಮುಖದ ಮೇಲೆ ಜಾರ್ತದೆ, ಸ್ಪಿನ್ ಕಮ್ಮಿ, ಎದ್ದೇಳೋದು ಎತ್ತರಕ್ಕೆ, ದೂರ ಕೈಗೆ ಸಿಗೋದಿಲ್ಲ. ಪ್ರತಿ ಹೊಡೆತಕ್ಕೆ ಮೊದ್ಲು ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆ ಛತ್ರಿ ಒಳಗೆ ಕಟ್ಟಿಡಿ.

ವೆಜ್ ಕೊಳ್ಳೋ ಮೊದ್ಲು

ಈಗಿನ ಸೆಟ್ಟಿನ ಪಿಚಿಂಗ್ ವೆಜ್ 43-44 ಡಿಗ್ರಿ ಇರ್ತದೆ, ಸ್ಯಾಂಡ್ ವೆಜ್ 56. ನಡುವೆ ಹನ್ನೆರಡು ಡಿಗ್ರಿ, ಅಂದ್ರೆ ಇಪ್ಪತ್ತೈದು ಮೀಟರಿನ ಹೊಂಡ. ಹೊಸ ಡ್ರೈವರಿಗೆ ದುಡ್ಡು ಹಾಕೋ ಬದ್ಲು ಒಂದು 50 ಡಿಗ್ರಿ ಗ್ಯಾಪ್ ವೆಜ್ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಆಯ್ತು, ಆದ್ರೆ ಮುಖದ ಗ್ರೂವಲ್ಲಿ (ಅಡ್ಡ ಗೀರುಗಳಲ್ಲಿ) ಉಗುರು ಓಡಿಸಿ ನೋಡಿ, ಉಗುರು ಹಿಡೀದೆ ಜಾರಿದ್ರೆ ಸವೆದಿದೆ, ಬಿಟ್ಟುಬಿಡಿ. 60 ಡಿಗ್ರಿ ಲಾಬ್ ವೆಜ್ ನಮ್ಮ ಗಟ್ಟಿ ನೆಲಕ್ಕೆ ಬೇಡ. ಬಾಲ್ ಯಾವ ಕಂಪನಿದಾದ್ರೂ ಸರಿ, ಪ್ರಾಕ್ಟೀಸಿಗೂ ಆಟಕ್ಕೂ ಒಂದೇ ಮಾಡೆಲ್ ಇಟ್ಕೊಳ್ಳಿ, ಕೆರೆಯಿಂದ ಎತ್ತಿದ ಬಗೆಬಗೆಯ ಬಾಲ್ ಬೆರೆಸಿ ಹೊಡೆದ್ರೆ ಗದ್ದೆಯಲ್ಲಿ ಬರೆದ ಚೀಟಿ ಕೋರ್ಸಲ್ಲಿ ಹೊಂದೋದಿಲ್ಲ.